4050 ಡಿಗ್ರಿ ಗಾಳಿ

ನಿವೃತ್ತ ಮೇಷ್ಟ್ರು ಮನೆಯವರ ವ್ಯಾಕರಣ ತಿದ್ದುತ್ತಾರೆ. ನಿವೃತ್ತ ಪೊಲೀಸರು ಹಾಲಿನವನ ಮೇಲೆ ಅನುಮಾನ ಪಡುತ್ತಾರೆ. ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಿಂದ ನಿವೃತ್ತನಾದವನು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗ್ರಾಫು ಎಳೆಯುತ್ತಾನೆ. ಕಂಟ್ರೋಲ್ ರೂಮಿನಲ್ಲಿ ಟ್ರೆಂಡ್ ನೋಡುತ್ತಲೇ ಬುತ್ತಿ ಬಿಚ್ಚಿ ಉಂಡ ಜೀವ ಇದು. ಗೆರೆ ಓಡದ ಗೋಡೆಯ ಮುಂದೆ ಕೂತರೆ ಅನ್ನ ಇಳಿಯುವುದಿಲ್ಲ. ಹಾಗಾಗಿ ಮೊದಲು ಸಂಪಿನ ನೀರಿಗೆ ಟ್ರೆಂಡ್ ಹಾಕಿದೆ, ಆಮೇಲೆ ಫ್ರಿಜ್ಜಿನ ಉಷ್ಣತೆಗೆ. ಫ್ರಿಜ್ಜಿನ ಗೆರೆ ದಿನಾ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಉಬ್ಬಿನಂತೆ ಮೇಲೇಳುತ್ತಿತ್ತು. ಅದು ಮೈಸೂರುಪಾಕಿನ ಡಬ್ಬಿಗಾಗಿ ನಾನು ಬಾಗಿಲು ತೆಗೆದ ಹೊತ್ತು ಎಂಬುದನ್ನು ಶುಗರ್ ರಿಪೋರ್ಟ್ ಬಂದ ದಿನ ಹೆಂಡತಿ ನನ್ನ ಗ್ರಾಫನ್ನೇ ಸಾಕ್ಷಿ ಮಾಡಿಕೊಂಡು ಸಾಬೀತುಪಡಿಸಿದಳು. ಸೆನ್ಸರನ್ನು ಆ ರಾತ್ರಿಯೇ ಕಿತ್ತೆ. ಮನೆಯೊಳಗಿನದನ್ನು ಅಳೆಯಲು ಹೋದರೆ ನಾವೇ ಸಿಕ್ಕಿಬೀಳುತ್ತೇವೆ, ಅಳೆದರೆ ಹೊರಗಿನದನ್ನೇ ಅಳೆಯಬೇಕು ಎಂದುಕೊಂಡು ಗಾಳಿಗೆ ಕೈಹಾಕಿದೆ.

ಗಾಳಿಗೆ ಸಕಾರಣವೂ ಇತ್ತು. ನಮ್ಮದು ಚಿತ್ರದುರ್ಗ. ಬೇಸಿಗೆ ಬಂತೆಂದರೆ ತಾರಸಿಯ ತುಂಬ ಹಳೆ ಪಂಚೆ ಹಾಸಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಹಾಕುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಅಕ್ಕಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಒಣ ಎಲೆ, ಪ್ಲಾಸ್ಟಿಕ್ಕು ಗುಡ್ಡೆಹಾಕಿ ಬೆಂಕಿ ಇಡುತ್ತಾರೆ. ಆ ವರ್ಷದ ಹಪ್ಪಳ ಕರಿದರೆ ಟೈರಿನ ವಾಸನೆ. ಹೊಗೆ ಯಾವ ದಿಕ್ಕಿನಿಂದ ಬಂತೆಂದು ದಾಖಲೆ ಇದ್ದರೆ ಬೆಂಕಿ ಯಾರದೆಂದು ಹೇಳಬಹುದಲ್ಲ? ಗುಜರಿ ಅಂಗಡಿಯಲ್ಲಿ ಒಂದು ಹಳೇ ವಿಂಡ್ ವೇನ್ ಸಿಕ್ಕಿತು. ಅದನ್ನು ಕಬ್ಬಿಣದ ಪೈಪಿಗೆ ಕಟ್ಟಿ ತಾರಸಿಯ ಈಶಾನ್ಯ ಮೂಲೆಗೆ ನಿಲ್ಲಿಸಿದೆ. ಈಶಾನ್ಯದಲ್ಲಿ ಭಾರ ಕೂಡದು ಎಂದು ಅಮ್ಮ ನೈಋತ್ಯಕ್ಕೆ ಓಡಿಸಿದಳು. ಸರಿ, ನೈಋತ್ಯ.

ಇಂಥ ವೇನಿನ ಹೊಟ್ಟೆಯೊಳಗೆ ಇರುವುದು ಬಹಳ ಸಾದಾ ವಸ್ತು, ಒಂದು ದುಂಡನೆಯ ಪೊಟೆನ್ಶಿಯೋಮೀಟರ್. ಬಾಲ ತಿರುಗಿದಂತೆ ಒಳಗಿನ ಮುಳ್ಳು ಉಂಗುರದ ಮೇಲೆ ಜಾರುತ್ತದೆ, ರೋಧ ಬದಲಾಗುತ್ತದೆ. ಉಂಗುರ ಪೂರ್ತಿ ಉಂಗುರವಲ್ಲ. ಉತ್ತರದಲ್ಲಿ ಕೆಲವೇ ಡಿಗ್ರಿಯಷ್ಟು ಬಿರುಕು ಬಿಟ್ಟಿರುತ್ತಾರೆ. ಮುಳ್ಳು ಅಲ್ಲಿಗೆ ಬಂದಾಗ ಅದಕ್ಕೆ ತಾನೆಲ್ಲಿದ್ದೇನೆ ಎಂದೇ ತಿಳಿಯದು. ಬಿರುಕಿನ ಒಂದು ಕಡೆ 0, ಇನ್ನೊಂದು ಕಡೆ 360. ತಂತಿಯಲ್ಲಿ ಹೇಳುವುದಾದರೆ 4 ಮಿಲಿಆಂಪಿಯರ್ ಬಂದರೂ ಉತ್ತರ, 20 ಮಿಲಿಆಂಪಿಯರ್ ಬಂದರೂ ಉತ್ತರ. ನಮ್ಮ ಸೀಮೆಯ ಗಾಳಿಗೆ ಇದರಿಂದ ತೊಂದರೆ ಆಗಬಾರದು. ಮಳೆಗಾಲಕ್ಕೆ ಪಶ್ಚಿಮದ ಕಡೆಯಿಂದ, ಚಳಿಗಾಲಕ್ಕೆ ಪೂರ್ವದ ಕಡೆಯಿಂದ ಬೀಸುವ ಗಾಳಿ ಇದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳಿಗೆ 09, 27 ಎಂದು ನಂಬರು ಕೊಟ್ಟಿರುವುದು ಸುಮ್ಮನಲ್ಲ, 90 ಡಿಗ್ರಿ ಮತ್ತು 270 ಡಿಗ್ರಿ, ಪೂರ್ವ ಮತ್ತು ಪಶ್ಚಿಮ. ಆದರೆ ವಿಮಾನ ನಿಲ್ದಾಣದ ಪಕ್ಕದಲ್ಲಿ ಯಾರೂ ಅಣ್ಣನ ಪಾಲಿಗೊಂದು ತಮ್ಮನ ಪಾಲಿಗೊಂದು ಎಂದು ಮೂರನೇ ಅಂತಸ್ತು ಏರಿಸುವುದಿಲ್ಲ. ನಮ್ಮ ಪಡುವಣ ಪಕ್ಕದವರು ಏರಿಸಿದ್ದಾರೆ. ಪಶ್ಚಿಮದ ಗಾಳಿ ಆ ಗೋಡೆಗೆ ಹಾಯ್ದು, ಮೂಲೆ ಬಳಸಿ, ನಮ್ಮ ತಾರಸಿಗೆ ಬರುವ ಹೊತ್ತಿಗೆ ಉತ್ತರದ್ದಾಗಿರುತ್ತದೆ. ಅಂದರೆ ನೇರವಾಗಿ ಬಿರುಕಿಗೇ ಬಂದು ಕೂರುತ್ತದೆ.

ನಡುಮನೆಯ ಟಿವಿಯಲ್ಲಿ ಮೊದಲ ಟ್ರೆಂಡ್ ಮೂಡಿತು. ಕೆಳಗೆ 0, ಮೇಲೆ 360. ತಾರಸಿಯಲ್ಲಿ ವೇನಿನ ಬಾಲ ಅತ್ತ ಐದು ಡಿಗ್ರಿ ಇತ್ತ ಐದು ಡಿಗ್ರಿ ಮೆಲ್ಲಗೆ ಆಡುತ್ತಿತ್ತು. ಟಿವಿಯಲ್ಲಿ ಮಾತ್ರ ಪ್ರಳಯ. 355 ಎಂದಾಗ ಗೆರೆ ಸೂರಿನಲ್ಲಿ, 5 ಎಂದಾಗ ನೆಲದಲ್ಲಿ, ನಡುವೆ ಇಡೀ ಪರದೆಯನ್ನು ಸೀಳುವ ನೆಟ್ಟನೆಯ ಗೀರು. ಗೀರಿನ ಪಕ್ಕ ಗೀರು. ಅದೇ ಹೊತ್ತಿಗೆ ಊರಿನಿಂದ ಬಂದ ನಮ್ಮತ್ತೆ ಚಪ್ಪಲಿ ಬಿಡುವ ಮೊದಲೇ ಟಿವಿ ಕಡೆ ನೋಡಿ, "ಅಯ್ಯೋ, ಯಾರಿಗೆ ಸೀರಿಯಸ್ಸು?" ಎಂದರು.

ಹೆಂಡತಿಗೆ ವಿವರಿಸುವ ಕೆಲಸ ನನ್ನ ಮೇಲೆ ಬಿತ್ತು. "ಕೈ ಕೊಡು ಇಲ್ಲಿ" ಎಂದೆ. ಬಹಳ ವರ್ಷಗಳ ಮೇಲೆ ಕೇಳಿದ್ದರಿಂದ ಕೊಟ್ಟಳು. "ಈ ಬಳೆ ನೋಡು. ಇದನ್ನು ನೆಟ್ಟಗೆ ಪಟ್ಟಿ ಮಾಡಬೇಕಾದರೆ ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು ತಾನೆ? ಕತ್ತರಿಸಿದ ಜಾಗದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದ ಎರಡು ಕಣ, ಪಟ್ಟಿಯಲ್ಲಿ ಎರಡು ತುದಿಗೆ ಹೋಗುತ್ತವೆ. ದಿಕ್ಕು ದುಂಡಗಿದೆ, ಗ್ರಾಫು ನೆಟ್ಟಗಿದೆ. ನಾನು ಉತ್ತರದಲ್ಲಿ ಕತ್ತರಿಸಿದ್ದೇನೆ. ಗಾಳಿ ಜಿಗಿಯುತ್ತಿಲ್ಲ, ಕತ್ತರಿಸಿದ ಗುರುತು ದಾಟುತ್ತಿದೆ ಅಷ್ಟೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡು, "ಬಂಗಾರದ ಹತ್ತಿರ ಕತ್ತರಿ ಮಾತು ಬೇಡ" ಎಂದಳು.

ಗೀರು ಕಣ್ಣಿಗೆ ಚುಚ್ಚುತ್ತದೆಂದು ಮಗ ಒಂದು ಉಪಕಾರ ಮಾಡಿದ. ಅವನು ಎಂಜಿನಿಯರಿಂಗ್ ಕೊನೆಯ ವರ್ಷ. ಪ್ರತಿ ನಿಮಿಷದ ರೀಡಿಂಗುಗಳನ್ನೆಲ್ಲ ಕೂಡಿಸಿ ಭಾಗಿಸಿ ಸರಾಸರಿ ತೋರಿಸುವ ಹಾಗೆ ಪ್ರೋಗ್ರಾಂ ಬರೆದ. ಗೆರೆ ತಕ್ಷಣ ಸಾಧುವಾಯಿತು, ಪರದೆಯ ಮಧ್ಯೆ ಸಮಾಧಾನವಾಗಿ ಹರಿಯತೊಡಗಿತು. ಮಧ್ಯೆ ಎಂದರೆ 180. ಅಂದರೆ ದಕ್ಷಿಣ. ಆ ಬೆಳಿಗ್ಗೆ ಹೊಗೆಯೂ ಬಂತು. ನಾನು ಗ್ರಾಫಿನ ಪ್ರಿಂಟ್ ತೆಗೆದು, ಸಮಯದ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ, ದಕ್ಷಿಣದ ಮನೆಯ ಗೇಟಿಗೆ ಹೋಗಿ ಬೆಲ್ ಒತ್ತಿದೆ. ಬೆನ್ನಿಗೆ ಹೊಗೆ ಬಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಕೈಯಲ್ಲಿ ಗ್ರಾಫಿತ್ತು, ಮತ್ತು ನಾನು ವೃತ್ತಿಯಲ್ಲಿ ಬೆನ್ನನ್ನು ನಂಬಿ ಬದುಕಿದವನಲ್ಲ. ಎದುರು ಮನೆಯಾಕೆ ಕಿಟಕಿಯಿಂದ ಕೂಗಿ ಹೇಳಿದರು, "ಅವರು ಧರ್ಮಸ್ಥಳಕ್ಕೆ ಹೋಗಿ ನಾಲ್ಕು ದಿನ ಆಯ್ತಲ್ಲ ಸಾರ್!"

350ಕ್ಕೆ 10 ಕೂಡಿಸಿ ಎರಡರಿಂದ ಭಾಗಿಸಿದರೆ 180. ಉತ್ತರದ ಎಡಬಲಕ್ಕೆ ಬೀಸಿದ ಎರಡು ಗಾಳಿಯ ಸರಾಸರಿ ನೇರ ದಕ್ಷಿಣ. ಅಂಕಗಣಿತದಲ್ಲಿ ತಪ್ಪಿಲ್ಲ, ಊರಿನಲ್ಲಿ ಮಾತ್ರ ಜಗಳ. ಇದಕ್ಕೆ ಸರಿಯಾದ ದಾರಿ ಹವಾಮಾನದವರಿಗೆ ಎಂದೋ ಗೊತ್ತು. ಪ್ರತಿ ರೀಡಿಂಗನ್ನೂ ಒಂದು ಬಾಣ ಎಂದು ತಿಳಿದು, ಸೈನುಗಳನ್ನು ಬೇರೆ, ಕೊಸೈನುಗಳನ್ನು ಬೇರೆ ಕೂಡಿಸಿ, ಕೊನೆಗೆ ಎರಡರಿಂದ ಕೋನ ತೆಗೆಯಬೇಕು. ಆಗ 350 ಮತ್ತು 10ರ ನಡುವೆ ಉತ್ತರವೇ ಬರುತ್ತದೆ. ಗಾಳಿ ಎಷ್ಟು ಹೊಯ್ದಾಡಿತು ಎನ್ನುವುದಕ್ಕೂ ಇದೇ ಪಾಡು. ಅದಕ್ಕೆ 1984ರಲ್ಲಿ ಯಾಮಾರ್ಟಿನೊ ಎಂಬುವರು ಒಂದು ಸೂತ್ರ ಕೊಟ್ಟಿದ್ದಾರೆ. ಹೆಸರು ಕೇಳಿ ಮಗ, "ಯಾರೋ ಯಾಮಾರಿಸಿದಾರೆ ಅಪ್ಪ" ಎಂದ. ಇಲ್ಲ, ಸೂತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಣದ ಲೆಕ್ಕದಲ್ಲಿ ಒಂದೇ ಒಂದು ಕೊಂಕು: ಸಮಬಲದ ಪೂರ್ವವೂ ಪಶ್ಚಿಮವೂ ಎದುರುಬದುರಾದರೆ ಬಾಣದ ಉದ್ದ ಸೊನ್ನೆ, ದಿಕ್ಕೇ ಉಳಿಯುವುದಿಲ್ಲ. ಹವಾಮಾನದ ವರದಿಯಲ್ಲಿ ಉತ್ತರದ ಗಾಳಿಯನ್ನು ಯಾವಾಗಲೂ 360 ಎಂದು ಬರೆಯುತ್ತಾರೆ. 000 ಎಂದು ಬರೆದರೆ ಗಾಳಿ ಇಲ್ಲ, ಶಾಂತ ಎಂದರ್ಥ. ಅಮ್ಮ ಒಂದು ಹೇಳಿ ಹೆಂಡತಿ ಇನ್ನೊಂದು ಹೇಳಿದ ಸಂಜೆಗಳಲ್ಲಿ ನನ್ನದು 000.

ಹೊಗೆಯ ತನಿಖೆ ಅಲ್ಲಿಗೇ ನಿಂತಿತು. ಉತ್ತರದ ಮನೆಯವರು ನನ್ನ ಹೆಂಡತಿಯ ಚೀಟಿ ಗುಂಪಿನವರು.

ಆದರೆ ಗ್ರಾಫಿನ ಗೀರು ನನ್ನ ಮಾನದ ಪ್ರಶ್ನೆಯಾಗಿ ಉಳಿದಿತ್ತು. ಉದ್ಯೋಗದಲ್ಲಿದ್ದಾಗ ಇದಕ್ಕೆ ಬಗೆಬಗೆಯ ಮದ್ದು ನೋಡಿದ್ದೇನೆ. ಒಂದೊಂದನ್ನೂ ಟಿವಿಯ ಮೇಲೆ ಪ್ರಯೋಗಿಸಿದೆ. ಗೆರೆ ಎಳೆಯದೆ ಬರೀ ಚುಕ್ಕಿ ಇಡುವುದು ಎಲ್ಲಕ್ಕಿಂತ ಸುಲಭ. ಯಾವುದೂ ಸೇರಿಸದಿದ್ದರೆ ಯಾವುದೂ ಸೀಳುವುದಿಲ್ಲ. ಹೆಂಡತಿ ಒದ್ದೆ ಬಟ್ಟೆ ತಂದು ಟಿವಿ ಒರೆಸಿದಳು, ಚುಕ್ಕಿ ಹೋಗಲಿಲ್ಲ ಎಂದು ಕೊಲಿನ್ ಹಾಕಿ ಒರೆಸಿದಳು. ಇನ್ನೊಂದು ಉಪಾಯ, ಕತ್ತರಿಸುವ ಜಾಗವನ್ನೇ ದಕ್ಷಿಣಕ್ಕೆ ಒಯ್ಯುವುದು: ಮೈನಸ್ 180ರಿಂದ ಪ್ಲಸ್ 180ರವರೆಗೆ. ಉತ್ತರ ಪರದೆಯ ನಟ್ಟನಡುವೆ ಬಂದು ಗೆರೆ ನೆಮ್ಮದಿಯಾಯಿತು. ಆದರೆ ಪಶ್ಚಿಮಕ್ಕೆ ಈಗ ಮೈನಸ್ 90 ಎಂದು ಹೆಸರು. "ಗಾಳಿಯೂ ಸಾಲ ಮಾಡಿದೆಯಾ?" ಎಂದು ಅತ್ತೆ ಕೇಳಿದರು. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ದಕ್ಷಿಣದ ಗಾಳಿ ಎದ್ದಿತು, ಗೀರುಗಳೆಲ್ಲ ಸಂಸಾರ ಸಮೇತ ವಾಪಸ್ ಬಂದವು.

ಆಗ ನನಗೆ ಕಾಗದದ ಕಾಲ ನೆನಪಾಯಿತು. ಚಾರ್ಟ್ ರೆಕಾರ್ಡರಿನಲ್ಲಿ ಶಾಯಿ ಪೆನ್ನು ಓಡುತ್ತಿದ್ದ ದಿನಗಳಲ್ಲಿ ಉತ್ತರದ ಗಾಳಿ ಎಂದರೆ ಪೆನ್ನು ಈ ಅಂಚಿನಿಂದ ಆ ಅಂಚಿಗೆ ರಾತ್ರಿಯಿಡೀ ಬಡಿದುಕೊಂಡು, ಬೆಳಿಗ್ಗೆಗೆ ಕಾಗದದ ಸುರುಳಿ ಪೂರ್ತಿ ಕೆಂಪು. ಅದನ್ನು ತಪ್ಪಿಸಲು ಯಾರೋ ಜಾಣರು 360ರ ಬದಲು 540 ಡಿಗ್ರಿಯ ಸ್ಕೇಲ್ ತಂದರು. ಗಾಳಿ 360 ದಾಟಿದರೂ ಪೆನ್ನು ಹಿಂದಕ್ಕೆ ಹಾರುವುದಿಲ್ಲ, 370, 380 ಎಂದು ಮೇಲಕ್ಕೇ ಹೋಗುತ್ತದೆ. 540 ಮುಟ್ಟಿದಾಗ ಮಾತ್ರ ಒಂದು ಸುತ್ತು ಕಳೆದು 180ಕ್ಕೆ ಇಳಿಯುತ್ತದೆ. ಕೆಳಗೆ 0 ದಾಟಿದರೆ 360ಕ್ಕೆ ಏರುತ್ತದೆ. ಒಮ್ಮೆ ಜಿಗಿದ ಮೇಲೆ ಅದು ಅಂಚಿನಿಂದ ಅರ್ಧ ಸುತ್ತು ದೂರದಲ್ಲಿರುತ್ತದೆ; ಮತ್ತೆ ಜಿಗಿಯಬೇಕಾದರೆ ಗಾಳಿ ನಿಜಕ್ಕೂ ಅಷ್ಟು ತಿರುಗಬೇಕು. ನನ್ನ ಪ್ರಕಾರ ಇಡೀ ಇನ್‌ಸ್ಟ್ರುಮೆಂಟ್ ಲೋಕದ ಅತಿ ಸುಂದರವಾದ ಯೋಚನೆಗಳಲ್ಲಿ ಇದೊಂದು. ಇದನ್ನು ನಾನು ಊಟದ ಹೊತ್ತಿನಲ್ಲಿ, ತಟ್ಟೆಯ ಸುತ್ತ ಬೆರಳು ತಿರುಗಿಸಿ ವರ್ಣಿಸಿದೆ. ಸಾರು ಚೆಲ್ಲಿತು.

ಅಮ್ಮ ಟಿವಿ ನೋಡಿ ಕೇಳಿದಳು, "495 ಅಂದರೆ ಯಾವ ದಿಕ್ಕೋ?"

"360 ಕಳೀಬೇಕಮ್ಮ. 135 ಉಳೀತು. ಅಂದರೆ ಆಗ್ನೇಯ."

"ಆಗ್ನೇಯ ಅಂತಲೇ ಬರೆಯೋಕೆ ನಿನ್ನ ಟಿವಿಗೆ ಏನು ರೋಗ?"

ಅಮ್ಮನ ಪದ್ಧತಿಯಲ್ಲಿ ಇಂದ್ರ, ಅಗ್ನಿ, ಯಮ, ನಿರೃತಿ, ವರುಣ, ವಾಯು, ಕುಬೇರ, ಈಶಾನ ಎಂದು ಎಂಟು ಜನ ದುಂಡಗೆ ಕೂತಿದ್ದಾರೆ. ಈಶಾನನ ಪಕ್ಕ ಮತ್ತೆ ಇಂದ್ರ. ಎಲ್ಲಿಯೂ ಬಿರುಕಿಲ್ಲ, ಯಾರೂ ಯಾರ ಮೇಲೂ ಹಾರುವುದಿಲ್ಲ. ಇಬ್ಬರ ಸರಾಸರಿ ತೆಗೆಯುವ ಧೈರ್ಯವೂ ಯಾರಿಗಿಲ್ಲ.

ಕೊನೆಯ ಮದ್ದು ಸುತ್ತು ಬಿಚ್ಚುವುದು. ಮಗ ಹೇಳಿದ, ಪೈಥಾನಿನ ನಂಪೈಯಲ್ಲಿ ಅನ್‌ರ್ಯಾಪ್ ಎಂಬ ಫಂಕ್ಷನ್ನೇ ಸಿದ್ಧವಿದೆಯಂತೆ. ನಿಯಮ ಒಂದೇ ಸಾಲಿನದು: ಹಿಂದಿನ ರೀಡಿಂಗಿಗೂ ಈಗಿನದಕ್ಕೂ ಅರ್ಧ ಸುತ್ತಿಗಿಂತ ಹೆಚ್ಚು ಅಂತರ ಕಂಡರೆ, ಗಾಳಿ ಹತ್ತಿರದ ದಾರಿಯಲ್ಲೇ ಬಂದಿದೆ ಎಂದು ತಿಳಿದು ಒಂದು ಪೂರ್ತಿ ಸುತ್ತು ಕೂಡಿಸು ಇಲ್ಲವೇ ಕಳೆ. ಮೇಲಿನ ಮಿತಿಯೇ ಇಲ್ಲ, ಕೆಳಗಿನ ಮಿತಿಯೂ ಇಲ್ಲ. ಗೆರೆ ಹೊಸ ರೇಷ್ಮೆಯಷ್ಟು ನಯವಾಯಿತು. ನಾನು ಕಾಲಮೇಲೆ ಕಾಲು ಹಾಕಿ ಕೂತೆ. ಆದರೆ ಮೂರನೇ ಅಂತಸ್ತಿನ ಮೂಲೆಯಲ್ಲಿ ಗಾಳಿಗೆ ಸುಳಿಯುವ ಚಟ, ಅದೂ ಯಾವಾಗಲೂ ಒಂದೇ ಕಡೆಗೆ. ಸುತ್ತಿಗೆ ಸುತ್ತು ಸೇರಿ ಗೆರೆ ಏರುತ್ತಲೇ ಹೋಯಿತು. ಒಂದು ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು ಟಿವಿಯಲ್ಲಿ 4050 ಡಿಗ್ರಿ ಎಂಬುದನ್ನು ಓದಿದ. ಸ್ವಲ್ಪ ಹೊತ್ತು ಬೀದಿಯ ಬಿಸಿಲು ನೋಡಿದ. "ಅದಕ್ಕೇ ಅಕ್ಕ, ನಿನ್ನೆ ಹಾಲು ಒಡೆದಿದ್ದು. ನನ್ನ ತಪ್ಪಿಲ್ಲ" ಎಂದ. ಹನ್ನೊಂದು ಸುತ್ತಿಗೆ 3960, ಉಳಿದದ್ದು 90, ಅದು ಬರೀ ಪೂರ್ವದ ಗಾಳಿ ಕಣಪ್ಪ ಎಂದು ನಾನು ಹೇಳುವಷ್ಟರಲ್ಲಿ ಹೆಂಡತಿ ಅವನ ಹಿಂದಿನ ತಿಂಗಳ ಒಡೆದ ಹಾಲಿಗೂ ಮಾಫಿ ಕೊಟ್ಟಾಗಿತ್ತು.

ಸುತ್ತು ಬಿಚ್ಚುವವನ ಶತ್ರು ಇನ್ನೊಬ್ಬ ಇದ್ದಾನೆ, ಕರೆಂಟು. ಮಧ್ಯಾಹ್ನ ಎರಡು ಗಂಟೆ ಹೋಗಿ ಬಂದರೆ ಆ ನಡುವೆ ಗಾಳಿ ಎಷ್ಟು ಸುತ್ತು ಹಾಕಿತೋ ಬಲ್ಲವರಾರು. ಯಂತ್ರ ಹತ್ತಿರದ ದಾರಿಯನ್ನೇ ನಂಬುತ್ತದೆ.

"ಈ 4050 ಯಾರಿಗೆ ಉಪಯೋಗ?" ಎಂದು ಹೆಂಡತಿ ಕೇಳಿದ್ದಕ್ಕೆ ಅವಳನ್ನು ತಾರಸಿಗೆ ಕರೆದೊಯ್ದು ಜೋಗಿಮಟ್ಟಿ ಗುಡ್ಡಗಳ ಕಡೆಯ ಗಾಳಿಯಂತ್ರಗಳನ್ನು ತೋರಿಸಿದೆ. ಆ ಯಂತ್ರದ ತಲೆ ಗಾಳಿ ಬಂದ ಕಡೆಗೆ ಮುಖ ಮಾಡಿ ತಿರುಗುತ್ತದೆ. ತಲೆಯಿಂದ ಕಂಬದೊಳಗೆ ದಪ್ಪ ಕೇಬಲ್ಲುಗಳು ಇಳಿಬಿದ್ದಿರುತ್ತವೆ. ತಲೆ ಒಂದೇ ಕಡೆಗೆ ಸುತ್ತುತ್ತ ಹೋದರೆ ಕೇಬಲ್ಲು ಹುರಿಗೊಳ್ಳುತ್ತದೆ. ಹಾಗಾಗಿ ಅಲ್ಲಿ ಎರಡು ಲೆಕ್ಕ ಬೇಕು: ಮುಖ ಈಗ ಎತ್ತ ಇದೆ ಎಂಬುದೊಂದು, ಅಲ್ಲಿಗೆ ಎಷ್ಟು ಸುತ್ತು ತಿರುಗಿ ಬಂತು ಎಂಬುದೊಂದು. ಕೆಲವು ಸುತ್ತು ಮೀರಿದರೆ ಯಂತ್ರ ಕೆಲಸ ನಿಲ್ಲಿಸಿ, ಹಿಂದಕ್ಕೆ ತಿರುಗಿ, ತನ್ನ ಹುರಿಯನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಮೊದಲನೆಯ ಲೆಕ್ಕಕ್ಕೆ 360 ಸಾಕು, ಎರಡನೆಯದಕ್ಕೆ ಸುತ್ತು ಬಿಚ್ಚಿದ ಗ್ರಾಫೇ ಬೇಕು.

"ಅದಕ್ಕೆ ಕೇಬಲ್ಲಿದೆ. ನಿಮ್ಮದಕ್ಕೆ ಏನಿದೆ?"

ಏನೂ ಇರಲಿಲ್ಲ. ಸೆನ್ಸರಿನ ತಂತಿ ಕೂಡ ಪೈಪಿನ ಹೊರಗೇ ಇದೆ, ಅದು ಸುತ್ತುವುದಿಲ್ಲ.

ಅಮ್ಮನ ಸಹಸ್ರಚಂದ್ರ ಶಾಂತಿಯ ಮಾತು ಬಂದದ್ದು ಅದೇ ವಾರ. ಅಮ್ಮ ಹುಟ್ಟಿದ್ದು ತಾರಣ ಸಂವತ್ಸರ, 1944. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು ಮುಗಿದು ಮತ್ತೆ ಪ್ರಭವ ಬರುವುದರಿಂದ 2004 ಕೂಡ ತಾರಣ. ನನ್ನ ಮಗ ಹುಟ್ಟಿದ್ದು ಆ ವರ್ಷ. ಅವನು ಎಲ್ಲರ ವಯಸ್ಸನ್ನೂ ಸಂವತ್ಸರದಿಂದ ಲೆಕ್ಕಹಾಕುವ ಪ್ರೋಗ್ರಾಂ ಬರೆದು ಅಜ್ಜಿಗೆ ತೋರಿಸಿದ. ಅಜ್ಜಿಗೂ ಮೊಮ್ಮಗನಿಗೂ ವಯಸ್ಸಿನ ಅಂತರ ಸೊನ್ನೆ ಎಂದು ಬಂತು. ಹತ್ತಿರದ ದಾರಿ ಹಿಡಿಯುವ ನಿಯಮದ ಪ್ರಕಾರ ಅದು ಸರಿಯೇ. ಮುಳ್ಳು ಇಬ್ಬರಿಗೂ ಒಂದೇ ಜಾಗದಲ್ಲಿದೆ. ಎಷ್ಟು ಸುತ್ತು ಆಯಿತು ಎಂಬ ಲೆಕ್ಕ ಬೇರೆಲ್ಲಾದರೂ ಇರಬೇಕು. ಕಾರ್ಖಾನೆಯಲ್ಲಾದರೆ ಇದಕ್ಕೆಂದೇ ಸುತ್ತು ಎಣಿಸುವ ಮಲ್ಟಿಟರ್ನ್ ಎನ್‌ಕೋಡರ್ ಹಾಕುತ್ತೇವೆ. ಅಮ್ಮ ತನ್ನ ಹಲ್ಲಿನ ಸೆಟ್ಟು ತೆಗೆದು ಮೊಮ್ಮಗನಿಗೆ ತೋರಿಸಿ, "ನಾನು ಒಂದು ಸುತ್ತು ಮುಗಿಸಿದವಳು ಕಣೋ" ಎಂದಳು.

ನನಗೆ ಮಾತ್ರ ನಮ್ಮ ಹಿರಿಯರ ಇನ್‌ಸ್ಟ್ರುಮೆಂಟೇಶನ್ ಬಗ್ಗೆ ಗೌರವ ಉಕ್ಕಿತು. ಮೀಟರು ಸುತ್ತು ಮುಗಿಸಿ ಸೊನ್ನೆಗೆ ಬಂದ ದಿನ ಷಷ್ಟ್ಯಬ್ದಿ ಮಾಡಿಸಿ ಹತ್ತು ಜನರ ಮುಂದೆ ಅದನ್ನು ದಾಖಲಿಸುತ್ತಾರೆ. ಪಕ್ಕದಲ್ಲೇ ಸೊನ್ನೆಗೆ ಬಾರದ ಇನ್ನೊಂದು ಕೌಂಟರು, ಹುಣ್ಣಿಮೆಗಳದ್ದು. ಸಾವಿರ ತುಂಬುವುದು ಸುಮಾರು 80 ವರ್ಷ 10 ತಿಂಗಳಿಗೆ. ಇಷ್ಟು ಮುಂದಾಲೋಚನೆ ಕಂಪ್ಯೂಟರಿನವರಿಗೂ ಇರಲಿಲ್ಲ. ವಿಂಡೋಸ್ 95ರಲ್ಲಿ ಮಿಲಿಸೆಕೆಂಡ್ ಎಣಿಸುವ ಕೌಂಟರು 49.7 ದಿನಕ್ಕೆ ತುಂಬಿ ಯಂತ್ರ ಸ್ತಬ್ಧವಾಗುತ್ತಿತ್ತು. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ನಿರಂತರ ಚಾಲೂ ಇದ್ದರೆ ಒಳಗಿನ ಕೌಂಟರು ಉಕ್ಕಿ ವಿದ್ಯುತ್ತೇ ನಿಲ್ಲಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಚ್ಚರಿಸಿತು. ಪರಿಹಾರ? ಅದಕ್ಕೂ ಮೊದಲೇ ಒಮ್ಮೆ ಆಫ್ ಮಾಡಿ ಆನ್ ಮಾಡುವುದು. "ಇಷ್ಟಕ್ಕೆ ಎಂಜಿನಿಯರಿಂಗ್ ಓದಬೇಕಿತ್ತಾ?" ಎಂದಳು ಹೆಂಡತಿ. 1970ರಿಂದ ಸೆಕೆಂಡು ಎಣಿಸುತ್ತಿರುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ಕ್ಕೆ ಸುತ್ತು ಹೊಡೆದು 1901ರ ಡಿಸೆಂಬರಿಗೆ ಹೋಗಿ ಬೀಳುತ್ತವೆ. ಆ ಲೆಕ್ಕದಲ್ಲಿ ಅಮ್ಮ ಅವತ್ತು ಇನ್ನೂ ಹುಟ್ಟಿರುವುದೇ ಇಲ್ಲ. ಶಾಂತಿಯ ಖರ್ಚನ್ನು ವಾಪಸ್ ಕೇಳಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಹೆಂಡತಿ, "ಗಾಳಿ ಬಿಡಿ. ಇವನು ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ, ಅದಕ್ಕೊಂದು ಗ್ರಾಫು ಹಾಕಿ ನೋಡೋಣ" ಎಂದಳು. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ನನ್ನ ವಿದ್ಯೆಗೆ ಬಂದ ಮೊದಲ ಆರ್ಡರು. ಮಗನ ಹಾಸಿಗೆಯ ಕೆಳಗೆ ಒತ್ತಡದ ಸೆನ್ಸರ್ ಇಟ್ಟೆ. ಒಂದು ರಾತ್ರಿ ಹನ್ನೊಂದೂವರೆ, ಇನ್ನೊಂದು ರಾತ್ರಿ ಹನ್ನೆರಡೂವರೆ. ಮಗನ ಹಳೆಯ ಸರಾಸರಿ ಪ್ರೋಗ್ರಾಮೇ ಅಲ್ಲಿಯೂ ಕೂತಿತ್ತು: 23.5ಕ್ಕೆ 0.5 ಕೂಡಿಸಿ ಎರಡರಿಂದ ಭಾಗಿಸಿ, ಹುಡುಗ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮಲಗುತ್ತಾನೆ ಎಂದಿತು. "ಕಾಲೇಜಿಗೆ ಹೋಗೋದೇ ಇಲ್ವಾ ಇವನು?" ಎಂದು ಮನೆ ಹತ್ತಿಕೊಂಡಿತು. ಮಗ ಅಂದು ಊಟ ಬಿಟ್ಟು ಸೈನು ಕೊಸೈನು ಸೇರಿಸಿದ.

ಇನ್ನು ಗೆರೆ. ದಿನವೆಂಬ ಈ ದುಂಡನ್ನು ಎಲ್ಲಿ ಕತ್ತರಿಸುವುದು? ಇಷ್ಟು ಪಾಡು ಪಟ್ಟವನಿಗೆ ಅನುಭವ ಇರುತ್ತದೆ: ಯಾವ ಜಾಗಕ್ಕೆ ರೀಡಿಂಗು ಎಂದೂ ಬರುವುದಿಲ್ಲವೋ ಅಲ್ಲಿ ಕತ್ತರಿಸಬೇಕು. ನಡುರಾತ್ರಿ ಖಂಡಿತ ಕೂಡದು, ಎಲ್ಲರೂ ಅದರ ಹಿಂದೆ ಮುಂದೆಯೇ ಮಲಗುವುದು. ಮಧ್ಯಾಹ್ನ ಎರಡು ಎಂದರೆ ನಾನು ಎದ್ದು ಆಕ್ಷೇಪಿಸಬೇಕಾಯಿತು. ನಾಲ್ಕರವರೆಗೆ ಅಮ್ಮ. ಬೆಳಿಗ್ಗೆ ಆರು ಎಂದರೆ ಪರೀಕ್ಷೆಯ ದಿನಗಳಲ್ಲಿ ಮಗ ಆಗಷ್ಟೇ ಮಲಗುತ್ತಾನೆ. ನಡುಮನೆಯಲ್ಲಿ ಎಲ್ಲರೂ ಕೂತು, ಅತ್ತೆಯವರ ಅಧ್ಯಕ್ಷತೆಯಲ್ಲಿ, ಸಂಜೆ ಐದು ಎಂದು ತೀರ್ಮಾನಿಸಿದೆವು. ಅದು ಕಾಫಿಯ ಹೊತ್ತು. ಈ ಮನೆಯ ಚರಿತ್ರೆಯಲ್ಲಿ ಸಂಜೆ ಐದಕ್ಕೆ ಯಾರೂ ಮಲಗಿದ್ದಿಲ್ಲ. ಪರದೆಯ ಕೆಳಗೆ ಸಂಜೆ ಐದು, ಮೇಲೆ ಮರುಸಂಜೆ ಐದು, ನಡುವೆ ಗೆರೆ ಹೊಳೆಯಂತೆ ಹರಿಯಿತು. ಹೆಂಡತಿ ಅದನ್ನು ಫೋಟೋ ತೆಗೆದು ತನ್ನ ತಂಗಿಗೆ ಕಳಿಸಿದಳು. ನಾನು ಎರಡನೇ ಸಲ ಕಾಲಮೇಲೆ ಕಾಲು ಹಾಕಿದೆ.

ಕೊನೆಯ ಪೇಪರ್ ಮುಗಿಸಿದ ದಿನ ಮಗ ಕಾಲೇಜಿನಿಂದ ನೇರ ಮನೆಗೆ ಬಂದ. ಎರಡು ರಾತ್ರಿ ಕಣ್ಣುಮುಚ್ಚಿರಲಿಲ್ಲವಂತೆ. ಕಾಫಿ ಲೋಟ ಅರ್ಧಕ್ಕೆ ಬಿಟ್ಟು, ಐದಕ್ಕೆ ಎರಡು ನಿಮಿಷ ಇರುವಾಗ ಹಾಸಿಗೆಗೆ ಬಿದ್ದ. ಐದಾಗಿ ಒಂದು ನಿಮಿಷಕ್ಕೆ ಫ್ಯಾನ್ ಹಾಕಲು ಎದ್ದ. ಐದಾಗಿ ಎರಡು ನಿಮಿಷಕ್ಕೆ ಮತ್ತೆ ಬಿದ್ದ.